ಲಿವರಿನ ಎರಡು ಚಿತ್ರಗಳ ತಾಳೆ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂಥ ವಿಷಯದ ಮೇಲೆ ಮಾತನಾಡಲು ಒಬ್ಬ ಡಾಕ್ಟರರನ್ನು ಕರೆಸಬೇಕಾಗಿತ್ತು. ನಮ್ಮ ಕಾರ್ಯದರ್ಶಿಗಳು ಇಬ್ಬರನ್ನು ಕೇಳಿದರಂತೆ. ಭಾನುವಾರ ಬಿಡುವಿಲ್ಲವೆಂದು ಉತ್ತರ ಬಂದಿತಂತೆ. ಆಮೇಲೆ ಅವರ ದೃಷ್ಟಿ ನಮ್ಮ ಮೇಲೆ ಬಿದ್ದಿತು. ನಾವು ಓದಿದ್ದು ಮೆಟ್ರಿಕ್ಕಿನವರೆಗೆ, ಮಾಡುವುದು ಗಿರಣಿಯಲ್ಲಿ ಗುಮಾಸ್ತಿಕೆ, ಇಲ್ಲಿ ಸಲ್ಲಿಸುವ ಸೇವೆಯೆಂದರೆ ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿಡುವುದು ಮತ್ತು ಯಾರು ಯಾವ ಕಾದಂಬರಿ ಒಯ್ದು ಹಿಂದಿರುಗಿಸಲಿಲ್ಲವೆಂದು ಬರೆದಿಡುವುದು. ಆದರೂ ಒಪ್ಪಿಕೊಂಡೆವು. ಏಕೆಂದರೆ ಹೋದ ವರ್ಷ ನಮ್ಮ ಕೋಣೆಯ ಹಿರಿಯರೊಬ್ಬರ ಸಲುವಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಳೆದ ದಿನಗಳಲ್ಲಿ ಒಂದು ಸಂಗತಿ ನಮಗೆ ಚೆನ್ನಾಗಿ ಮನಸ್ಸಿಗೆ ಬಂದಿತು. ಚಿತ್ರಗಳನ್ನು ಓದುವ ಡಾಕ್ಟರರು ಬೇಸರಪಡದೆ ತಿಳಿಸಿ ಹೇಳಿದರು. ಉಳಿದದ್ದನ್ನು ನಾವು ಓದಿಕೊಂಡೆವು. ತಪ್ಪಿದ್ದರೆ ನಮ್ಮದು.

ಆ ಹಿರಿಯರು ಈಗ ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಈ ಮಾತು. ಹೆಸರು ಬೇಡವೆಂದರು, ಆದ್ದರಿಂದ ಕಾಕಾ ಎಂದಷ್ಟೇ ಕರೆಯುತ್ತೇವೆ.

ಕಾಕಾ ವಿಜಯಪುರ ಜಿಲ್ಲೆಯವರು. ನಮ್ಮ ಗಿರಣಿಯಲ್ಲಿ ಬಟ್ಟೆ ಮಡಿಸುವ ಖಾತೆಯಲ್ಲಿದ್ದಾರೆ. ಗಿರಣಿಯೆಂದ ಕೂಡಲೆ ಪರಳಿನ ದೊಡ್ಡ ಚಿಮಣಿಗಳನ್ನು ನೆನೆಯಬೇಡಿರಿ. ಅವೆಲ್ಲ 1982ರ ಮುಷ್ಕರದ ಬಳಿಕ ಒಂದೊಂದಾಗಿ ಆರಿಹೋದವು. ನಮ್ಮದು ಭಿವಂಡಿಯ ಕಡೆಯ, ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಸಣ್ಣ ಗಿರಣಿ. ಕಾಕಾ ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ರಕ್ತದಾನ ಮಾಡಿದಾಗ, ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಸೋಂಕು ಇದೆಯೆಂದು ತಿಳಿದುಬಂದಿತು. ಇದು ಲಿವರಿಗೆ ತಗಲುವ ಸೋಂಕು. ಇದರ ವೈರಸ್ಸಿನ ಗುರುತನ್ನು ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದಕ್ಕೆ ಲಸಿಕೆಯುಂಟು, ನಮ್ಮ ದೇಶದ ಎಲ್ಲ ಕೂಸುಗಳಿಗೂ 2011ರಿಂದ ಸರಕಾರಿ ಲಸಿಕೆಯ ಪಟ್ಟಿಯಲ್ಲೇ ಸೇರಿದೆ. ಅದಕ್ಕೂ ಮೊದಲು ಹುಟ್ಟಿದ ನಮ್ಮಂಥವರಲ್ಲಿ ಬಹಳ ಮಂದಿ ಅದನ್ನು ಪಡೆದಿಲ್ಲ. ಸೋಂಕು ಒಳಗಿದ್ದರೂ ವರ್ಷಗಟ್ಟಲೆ ಏನೂ ತೋರದು. ಮನುಷ್ಯ ಉಣ್ಣುತ್ತಾನೆ, ದುಡಿಯುತ್ತಾನೆ, ಊರಿಗೆ ಹಣ ಕಳಿಸುತ್ತಾನೆ. ಲಿವರು ಮಾತ್ರ ಸದ್ದಿಲ್ಲದೆ ಕೆಡುತ್ತಿರುತ್ತದೆ, ಕೆಲವರಲ್ಲಿ ಅಲ್ಲಿ ಗಂಟು ಹುಟ್ಟುತ್ತದೆ.

ಕಾಕಾ ಜಾತ್ರೆಗೆಂದು ಊರಿಗೆ ಹೋದಾಗ ಹೊಟ್ಟೆ ನೋವು ಬಂದಿತು. ಅಲ್ಲಿಯ ಡಾಕ್ಟರರು ಸೋಂಕಿನ ಸಂಗತಿ ಕೇಳಿ ಜಿಲ್ಲೆಯ ಊರಿನಲ್ಲಿ ಸಿ.ಟಿ. ಚಿತ್ರ ತೆಗೆಸಿದರು. ಲಿವರಿನ ಎಂಟನೆಯ ಭಾಗದಲ್ಲಿ 11 ಮಿಲಿಮೀಟರಿನ ಒಂದು ಚುಕ್ಕೆಯಿದೆ, ಆರು ತಿಂಗಳೊಳಗೆ ಮತ್ತೆ ನೋಡತಕ್ಕದ್ದು ಎಂದು ವರದಿ ಬರೆದುಕೊಟ್ಟರು. ಐದು ತಿಂಗಳಾದ ಮೇಲೆ ಇಲ್ಲಿ ಮತ್ತೆ ತೆಗೆಸಿದೆವು. ಏಳನೆಯ ಭಾಗದಲ್ಲಿ 18 ಮಿಲಿಮೀಟರಿನ ಚುಕ್ಕೆ ಎಂದು ವರದಿ ಬಂದಿತು.

ಆ ರಾತ್ರಿ ನಮ್ಮ ಕೋಣೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಎಂಟರದ್ದು ಮಾಯವಾಗಿ ಏಳರಲ್ಲಿ ಬೇರೊಂದು ಹುಟ್ಟಿತೆ? ಅಥವಾ ಎರಡೂ ಇವೆಯೆ? ಅಥವಾ ಒಂದೇ ಗಂಟು ಬೆಳೆಯಿತೆ? ಕಾಕಾ ಮಾತ್ರ, "ಒಂದ ಆಗಲಿ ಎರಡ ಆಗಲಿ, ನನ್ನ ಹೊಟ್ಟ್ಯಾಗಿಂದು ಅದು. ನೀವ್ಯಾಕ ರೊಟ್ಟಿ ಬಿಡ್ತೀರಿ?" ಎಂದು ನಮಗೇ ಬಡಿಸಿದರು.

ಮರುದಿನ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ: "ಹಳೆಯ ಚಿತ್ರ ಎಲ್ಲಿ?"

ಕಾಕಾ ಪಾಕೀಟಿನಿಂದ ನಾಲ್ಕಾಗಿ ಮಡಿಸಿದ ವರದಿಯ ಕಾಗದ ತೆಗೆದುಕೊಟ್ಟರು. ಡಾಕ್ಟರರು ಅದನ್ನು ಓದಿ ಪಕ್ಕಕ್ಕಿಟ್ಟು, "ಇದು ಮಾತು. ನನಗೆ ಚಿತ್ರ ಬೇಕು," ಎಂದರು. ಈ ಒಂದು ಮಾತಿನ ಅರ್ಥ ತಿಳಿಯಬೇಕಾದರೆ ಸಿ.ಟಿ. ಎಂದರೇನೆಂದು ಸ್ವಲ್ಪ ಹೇಳಬೇಕಾಗುತ್ತದೆ.

ಎಕ್ಸ್‌ರೇ ಎಲ್ಲರೂ ನೋಡಿದ್ದೀರಿ. ಅದರಲ್ಲಿ ಮುಂದಿನದು ಹಿಂದಿನದು ಎಲ್ಲ ಒಂದರ ಮೇಲೊಂದು ಬಿದ್ದು ನೆರಳಾಗಿರುತ್ತದೆ. ಸಿ.ಟಿ. ಯಂತ್ರವು ಆ ಕಿರಣಗಳನ್ನೇ ದೇಹದ ಸುತ್ತಲೂ ತಿರುಗಿಸಿ, ಎಲ್ಲ ದಿಕ್ಕಿನಿಂದ ಬಂದ ನೆರಳುಗಳನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ದೇಹವನ್ನು ಸೌತೆಕಾಯಿಯಂತೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೋರಿಸಿದ ಹಾಗೆ ತೋರಿಸುತ್ತದೆ. ಇದನ್ನು ಮಾಡಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರು. ಗ್ರಾಮಾಫೋನು ಮುದ್ರಿಕೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯಲ್ಲಿ ಅವರ ನೌಕರಿ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. 1979ರಲ್ಲಿ ಅವರಿಗೂ, ಲೆಕ್ಕದ ದಾರಿಯನ್ನು ಮೊದಲೇ ಕಂಡಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ಕೂಡಿಯೇ ನೊಬೆಲ್ ಬಹುಮಾನ ಬಂದಿತು.

ಗುಮಾಸ್ತರಾದ ನಮಗೆ ಬಹಳ ಹಿಡಿಸಿದ ಸಂಗತಿ ಮುಂದಿನದು. ಸಿ.ಟಿ. ಚಿತ್ರವು ನಿಜದಲ್ಲಿ ಚಿತ್ರವಲ್ಲ, ಅಂಕಿಗಳ ಖಾತೆ. ಪ್ರತಿಯೊಂದು ಬಿಲ್ಲೆಯೂ ಸಾಮಾನ್ಯವಾಗಿ 512 ಸಾಲು, 512 ಕಂಬದ ಒಂದು ಹಾಳೆ; ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ. ನೀರಿಗೆ 0 ಎಂದು ಇಟ್ಟುಕೊಂಡಿದ್ದಾರೆ. ಗಾಳಿಗೆ ಸೊನ್ನೆಗಿಂತ ಒಂದು ಸಾವಿರ ಕೆಳಗೆ. ಚುಚ್ಚುಮದ್ದು ಕೊಡುವ ಮೊದಲು ಒಳ್ಳೆಯ ಲಿವರಿಗೆ ಸುಮಾರು 50ರಿಂದ 60. ಗಟ್ಟಿ ಎಲುಬಿಗೆ ಅದಕ್ಕಿಂತ ಬಹಳ ಮೇಲೆ. ಇಂಥ 200 ಹಾಳೆಗಳಿದ್ದರೆ ಒಟ್ಟು 5,24,28,800 ಅಂಕಿಗಳಾದವು. ನಾವು ಇದನ್ನು ಕಾಗದದ ಮೇಲೆ ಗುಣಿಸಿ ನೋಡಿದೆವು. ಈ ಅಂಕಿಗಳಿಗೆ ಬೂದು ಬಣ್ಣದ ಛಾಯೆ ಕೊಟ್ಟು ಪರದೆಯ ಮೇಲೆ ತೋರಿಸುತ್ತಾರೆ, ಅಷ್ಟೇ.

ಈಗ ಲಿವರಿನ ಮಾತು. ಪಾಠಪುಸ್ತಕದಲ್ಲಿ ಪಿತ್ತಜನಕಾಂಗ, ವೈದ್ಯರ ಗ್ರಂಥದಲ್ಲಿ ಯಕೃತ್ತು, ಆಸ್ಪತ್ರೆಯ ಸಾಲಿನಲ್ಲಿ ನಿಂತವರೆಲ್ಲರ ಬಾಯಲ್ಲಿ ಲಿವರು. ಬಲ ಪಕ್ಕೆಲುಬಿನ ಒಳಗೆ, ವಪೆಯ ಕೆಳಗೆ ಇರುವ ಈ ಅಂಗ ಒಂದೂವರೆ ಕಿಲೋದ ಆಸುಪಾಸು ತೂಗುತ್ತದೆ. ಫ್ರಾನ್ಸಿನ ಕ್ಲೋಡ್ ಕೂಯಿನೋ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲಿ ಇದರ ರಕ್ತನಾಳಗಳ ಕವಲುಗಳನ್ನು ನೋಡಿ ಎಂಟು ಭಾಗ ಮಾಡಿದರು. ಏಳು ಮತ್ತು ಎಂಟು ನೆರೆಹೊರೆಯ ಹೊಲಗಳು. ಎರಡೂ ಬಲಗಡೆ ಮೇಲ್ಭಾಗದಲ್ಲಿವೆ, ನಡುವೆ ಬದುವಿನಂತೆ ಒಂದು ರಕ್ತನಾಳ ಹಾಯ್ದಿದೆ. ಬದುವಿನ ಹತ್ತಿರ ನಿಂತ ಎತ್ತನ್ನು ಒಬ್ಬನು ಈ ಹೊಲದ್ದೆಂದೂ ಇನ್ನೊಬ್ಬನು ಆ ಹೊಲದ್ದೆಂದೂ ಹೇಳುವುದುಂಟು. ವರದಿಯ ಮಾತಿಗಿಂತ ಚಿತ್ರ ಬೇಕೆಂದು ಡಾಕ್ಟರರು ಹೇಳಿದ್ದು ಇದಕ್ಕೇ.

ಇನ್ನೊಂದು ತೊಡಕು. ಎಲುಬಿನ ಹಾಗೆ ಲಿವರು ಒಂದೆಡೆ ನಿಲ್ಲುವುದಿಲ್ಲ. ಉಸಿರು ಎಳೆದಾಗ ವಪೆ ಅದನ್ನು ಕೆಳಗೆ ಒತ್ತುತ್ತದೆ, ಬಿಟ್ಟಾಗ ಅದು ಮೇಲೇರುತ್ತದೆ. ಸಾಧಾರಣ ಉಸಿರಿನಲ್ಲೇ ಒಂದೆರಡು ಸೆಂಟಿಮೀಟರು ಸರಿಯುವುದುಂಟು, ದೀರ್ಘ ಉಸಿರಿನಲ್ಲಿ ಇನ್ನೂ ಹೆಚ್ಚು. ಬರಿ ಸರಿಯುವುದೂ ಅಲ್ಲ. ಹಿಟ್ಟಿನ ಮುದ್ದೆಯಂತೆ ಬಾಗುತ್ತದೆ, ಹೊರಳುತ್ತದೆ. ಹೊಟ್ಟೆ ತುಂಬಿದ್ದರೆ ಒಂದು ಆಕಾರ, ಬರಿದಾಗಿದ್ದರೆ ಇನ್ನೊಂದು. ಹುಡುಕುವ ಗಂಟೋ ಒಂದೂವರೆ ಸೆಂಟಿಮೀಟರಿನದು. ಗಂಟಿಗಿಂತ ಅದು ಕುಳಿತ ಮನೆಯೇ ಹೆಚ್ಚು ಓಲಾಡುವಾಗ, ಮೊದಲನೆಯ ಚಿತ್ರದ ಎಪ್ಪತ್ತನೆಯ ಹಾಳೆಯನ್ನು ಎರಡನೆಯದರ ಎಪ್ಪತ್ತನೆಯ ಹಾಳೆಯ ಪಕ್ಕದಲ್ಲಿ ಹಿಡಿದರೆ ಏನೂ ತಿಳಿಯದು.

ಈ ತೊಡಕು ಒಂದೇ ದಿನದ ಚಿತ್ರಗಳೊಳಗೂ ಉಂಟು. ಲಿವರಿಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯಿಂದ, ಕಾಲು ಪಾಲು ಅಪಧಮನಿಯಿಂದ. ಕೆಟ್ಟ ಗಂಟು ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಆದ್ದರಿಂದ ಕೈಯ ನರಕ್ಕೆ ಹೊಳೆಯುವ ಮದ್ದು ಚುಚ್ಚಿ, ಅರ್ಧ ನಿಮಿಷದ ಸುಮಾರಿಗೆ ಒಂದು ಸಲ, ಒಂದು ನಿಮಿಷ ದಾಟಿದ ಮೇಲೆ ಇನ್ನೊಂದು ಸಲ, ಕೆಲವು ನಿಮಿಷ ಬಿಟ್ಟು ಮತ್ತೊಂದು ಸಲ ಚಿತ್ರ ತೆಗೆಯುತ್ತಾರೆ. ಕೆಟ್ಟ ಗಂಟು ಮೊದಲನೆಯದರಲ್ಲಿ ಸುತ್ತಲಿನ ಲಿವರಿಗಿಂತ ಬೆಳ್ಳಗೆ ಹೊಳೆದು, ಮುಂದಿನವುಗಳಲ್ಲಿ ಮಂಕಾಗುವುದು ಅದರ ಗುರುತು. ಮೂರು ಸಲವೂ ಬೇರೆ ಬೇರೆ ಉಸಿರು ಹಿಡಿಯಬೇಕಾಗುತ್ತದೆ. ಮೂರು ಸಲವೂ ಒಂದೇ ಅಳತೆಯಲ್ಲಿ ಉಸಿರು ಹಿಡಿಯಬಲ್ಲವನು ಯೋಗಿಯೇ ಇರಬೇಕು.

ಹೀಗೆ ಎರಡು ಚಿತ್ರಗಳಲ್ಲಿ ಲಿವರಿನ ಪ್ರತಿ ಅಂಗುಲವೂ ತನ್ನ ಜೋಡಿಯ ಮೇಲೆ ಕೂಡುವಂತೆ ಕಂಪ್ಯೂಟರಿನಿಂದ ಕೂಡಿಸುವ ಕೆಲಸಕ್ಕೆ ರಿಜಿಸ್ಟ್ರೇಷನ್ ಎನ್ನುತ್ತಾರೆ. ಡಾಕ್ಟರರು ಆ ಶಬ್ದ ನುಡಿದಾಗ ನಮಗೆ ನಗು ಬಂದಿತು. ಅದು ನಮ್ಮ ಅಚ್ಚು ಖಾತೆಯ ಶಬ್ದ! ಹೂವಿನ ಸೀರೆಗೆ ಅಚ್ಚು ಹಾಕುವಾಗ ಕೆಂಪಿಗೊಂದು ಸ್ಕ್ರೀನು, ಹಸುರಿಗೊಂದು, ಕಪ್ಪು ಗೆರೆಗೊಂದು ಇರುತ್ತದೆ. ಒಂದು ಸ್ಕ್ರೀನು ಕೂದಲೆಳೆಯಷ್ಟು ಸರಿದರೆ ಕೆಂಪು ಎಸಳಿನ ಹೊರಗೆ ಚೆಲ್ಲಿ, ಗೆರೆಯ ಪಕ್ಕದಲ್ಲಿ ಬಿಳಿ ಇಣುಕುತ್ತದೆ. ರಿಜಿಸ್ಟ್ರೇಷನ್ ಕೂಡಿಲ್ಲವೆಂದು ಮಾಸ್ತರರು ಕೂಗುತ್ತಾರೆ, ಗಜಗಟ್ಟಲೆ ಬಟ್ಟೆ ಸೆಕೆಂಡ್ಸಿಗೆ ಹೋಗುತ್ತದೆ, ಆ ನಷ್ಟದ ಲೆಕ್ಕ ನಮ್ಮ ಮೇಜಿಗೆ ಬರುತ್ತದೆ. ಆದ್ದರಿಂದ ಡಾಕ್ಟರರಿಗೆ ನಾವು, "ಇದು ನಮಗೆ ಗೊತ್ತು ಸಾಹೇಬರೇ," ಎಂದೆವು. ಅವರು, "ನಿಮ್ಮ ಸ್ಕ್ರೀನು ಗಟ್ಟಿ ಚೌಕಟ್ಟು. ನನ್ನದು ಉಸಿರಾಡುತ್ತದೆ," ಎಂದರು.

ಕಂಪ್ಯೂಟರು ಇದನ್ನು ಮಾಡುವ ರೀತಿ ಹೀಗಿದೆ. ಮೊದಲು ಚಿತ್ರವನ್ನು ಇಡಿಯಾಗಿ ಸರಿಸಿ ತಿರುಗಿಸಿ ನೋಡುತ್ತದೆ, ತಗಡಿನ ಅಚ್ಚನ್ನು ಬಟ್ಟೆಯ ಮೇಲೆ ಸರಿಸಿದ ಹಾಗೆ. ಇದರಿಂದ ಬೆನ್ನೆಲುಬು ಕೂಡುತ್ತದೆ, ಲಿವರು ಪೂರ್ತಿ ಕೂಡುವುದಿಲ್ಲ. ಆಮೇಲೆ ಚಿತ್ರದ ಮೇಲೆ ರಬ್ಬರಿನ ದಾರದ ಬಲೆ ಹಾಸಿದೆಯೆಂದು ಭಾವಿಸಿ, ಬಲೆಯ ಒಂದೊಂದು ಗಂಟನ್ನೂ ಅಷ್ಟಷ್ಟು ಎಳೆಯುತ್ತದೆ. ಅದರೊಡನೆ ಚಿತ್ರವೂ ನಯವಾಗಿ ಬಾಗುತ್ತದೆ. ಈ ಬಲೆಯ ಉಪಾಯವನ್ನು ಲಂಡನ್ನಿನಲ್ಲಿ ಡೇನಿಯಲ್ ರೂಕರ್ಟ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಅವರು ಮಾಡಿದ್ದು ಸ್ತನದ ಎಂ.ಆರ್.ಐ. ಚಿತ್ರಗಳ ಮೇಲೆ, ಮುಂದೆ ಅದು ಎಲ್ಲ ಅಂಗಗಳಿಗೂ ಹರಡಿತು. ಒಂದು ಸಲ ಎಳೆದು ಎಷ್ಟು ಕೂಡಿತೆಂದು ಅಳೆಯುವುದು, ಮತ್ತೆ ಎಳೆಯುವುದು, ಮತ್ತೆ ಅಳೆಯುವುದು. ನೂರಾರು ಸಲ. ಮೊದಲು ಚಿತ್ರವನ್ನು ಮಸುಕು ಮಾಡಿ ದೊಡ್ಡ ಆಕಾರ ಕೂಡಿಸುತ್ತಾರೆ, ಆಮೇಲೆ ಸ್ಪಷ್ಟ ಚಿತ್ರದಲ್ಲಿ ಸಣ್ಣ ನಾಳಗಳನ್ನು. ನೇರವಾಗಿ ಸಣ್ಣದಕ್ಕೆ ಕೈಹಾಕಿದರೆ ಒಂದು ನಾಳದ ಕವಲನ್ನು ಪಕ್ಕದ ಕವಲಿಗೆ ಜೋಡಿಸಿ ಸರಿಯಾಯಿತೆಂದು ಯಂತ್ರ ತೃಪ್ತಿಪಡುವುದುಂಟು.

ಎಷ್ಟು ಕೂಡಿತೆಂದು ಅಳೆಯುವುದು ಹೇಗೆ? ಒಂದರ ಅಂಕಿಯಿಂದ ಇನ್ನೊಂದರ ಅಂಕಿ ಕಳೆದು ಸೊನ್ನೆ ಬಂದರಾಯಿತು ಎಂದು ನಾವು ತಿಳಿದಿದ್ದೆವು. ಮದ್ದು ಚುಚ್ಚಿದ ಬೇರೆ ಬೇರೆ ವೇಳೆಯ ಚಿತ್ರಗಳಲ್ಲಿ ಅದು ನಡೆಯದು. ಒಂದೇ ನಾಳ ಇದರಲ್ಲಿ ಬೆಳ್ಳಗೆ, ಅದರಲ್ಲಿ ಬೂದು. ಇದಕ್ಕೆ 1995ರ ಸುಮಾರಿಗೆ ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲಿ ಕೆಲವರು, ಅಮೆರಿಕದ ಮೆಸಚೂಸೆಟ್ಸಿನಲ್ಲಿ ಕೆಲವರು ಬೇರೆ ಬೇರೆಯಾಗಿ ಒಂದೇ ಯುಕ್ತಿ ಕಂಡರು. ಕ್ಲೋಡ್ ಶಾನನ್ ಎಂಬವರು 1948ರಲ್ಲಿ ತಂತಿ ದೂರವಾಣಿಗಳ ಸಲುವಾಗಿ ಮಾಡಿದ್ದ ಗಣಿತವೇ ಅದರ ಬುಡ. ನಮ್ಮ ಕಸುಬಿನಲ್ಲಿ ಹೇಳಬೇಕೆಂದರೆ, ಎರಡು ಬಣ್ಣದ ಕಂಪನಿಗಳ ಛಾಯೆಪಟ್ಟಿ ಇವೆಯೆನ್ನಿ. ಇದರ 47ನೆಯ ಕೆಂಪು ಅದರಲ್ಲಿ 112. ನಂಬರುಗಳು ಬೇರೆ. ಆದರೆ ಇಲ್ಲಿ 47 ಬಂದಲ್ಲೆಲ್ಲ ಅಲ್ಲಿ 112 ಬರುತ್ತಿದ್ದರೆ ಎರಡೂ ಒಂದೇ ಬಟ್ಟೆಯ ಲೆಕ್ಕವೆಂದು ಗುಮಾಸ್ತನಿಗೆ ತಿಳಿಯುತ್ತದೆ. ಒಂದೊಂದು ಕಡೆ ಒಂದೊಂದು ನಂಬರು ಬಂದರೆ ತಾಳೆಯಿಲ್ಲ. ಅಂಕಿಗಳು ಸಮವೇ ಎಂದು ಕೇಳದೆ, ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದೇ ಎಂದು ಕಂಪ್ಯೂಟರು ಕೇಳಿಕೊಳ್ಳುತ್ತದೆ. ಈಚೆಗೆ, 2018–19ರಿಂದ, ಸಾವಿರಾರು ಜೋಡಿ ಚಿತ್ರಗಳ ಮೇಲೆ ಪಳಗಿಸಿದ ಕಂಪ್ಯೂಟರು ಜಾಲಗಳು ಬಂದಿವೆ. ಹಳೆಯ ರೀತಿಯಲ್ಲಿ ಬಹಳ ನಿಮಿಷ ಹಿಡಿಯುತ್ತಿದ್ದ ಕೆಲಸವನ್ನು ಅವು ಒಂದೆರಡು ಸೆಕೆಂಡಿನಲ್ಲಿ ಮಾಡುತ್ತವೆ.

ಈಗ ಕಾಕಾ ಅವರ ಹಳೆಯ ಚಿತ್ರಕ್ಕೆ ಬರೋಣ. ಊರಿಗೆ ಫೋನು ಮಾಡಿದೆವು. ಅಳಿಯನು ಫಿಲ್ಮುಗಳನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದನು. ಡಾಕ್ಟರರು ನೋಡಿ ತಲೆಯಾಡಿಸಿದರು. ಫಿಲ್ಮಿನ ಫೋಟೋದಲ್ಲಿ ಬರಿಯ ಛಾಯೆ ಉಳಿದಿರುತ್ತದೆ, ಅಂಕಿಗಳು ಹೋಗಿರುತ್ತವೆ. ಎಲ್ಲ ಹಾಳೆಗಳೂ ಇರುವುದಿಲ್ಲ. ಖಾತೆಪುಸ್ತಕ ಕೇಳಿದರೆ ಅದರ ಹೊದಿಕೆಯ ಚಿತ್ರ ಕೊಟ್ಟ ಹಾಗಾಯಿತು. ಸಿ.ಡಿ. ಎಲ್ಲಿದೆಯೆಂದು ಕೇಳಿದೆವು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಳಿಯ ಹೇಳಿದನು: "ಮಾಮಾ, ಅದು ಜ್ವಾಳದ ಹೊಲದಾಗ ಐತ್ರಿ. ಹಕ್ಕಿ ಓಡಸಾಕ ಕಟ್ಟೇವ್ರಿ. ಭಾಳ ಚಲೋ ಹೊಳಿತೈತಿ."

ನಗಬೇಡಿರಿ. ಕಾಕಾ ನಗುತ್ತಿದ್ದಾರೆ, ನಗಲಿ, ಅಂದು ನಗಲಿಲ್ಲ. ಬಿಸಿಲು ಮಳೆಗೆ ಆ ಸಿ.ಡಿ. ಯಾವ ಯಂತ್ರಕ್ಕೂ ಓದಲು ಬಾರದಂತಾಗಿತ್ತು. ಪುಣ್ಯಕ್ಕೆ ಚಿತ್ರ ತೆಗೆದ ಕೇಂದ್ರದವರ ಕಂಪ್ಯೂಟರಿನಲ್ಲಿ ಅಂಕಿಗಳು ಇನ್ನೂ ಇದ್ದವು. ಅಳಿಯನೇ ಹೋಗಿ ಬೇರೆ ಸಿ.ಡಿ. ಮಾಡಿಸಿ, ರಾತ್ರಿ ಬಸ್ಸಿನ ಡ್ರೈವರರ ಕೈಯಲ್ಲಿ ಕಳಿಸಿದನು. ಬೆಳಿಗ್ಗೆ ಐದಕ್ಕೆ ಹೆದ್ದಾರಿಯ ನಿಲುಗಡೆಯಲ್ಲಿ ನಿಂತು ಅದನ್ನು ಇಳಿಸಿಕೊಂಡೆವು.

ಹಳೆಯ ಚಿತ್ರ ತೆರೆದ ಕೂಡಲೆ ಡಾಕ್ಟರರು, "ಇದರಲ್ಲಿ ಉಸಿರು ಹಿಡಿದಿಲ್ಲವಲ್ಲ," ಎಂದರು. ಲಿವರು ಬಹಳ ಮೇಲಿತ್ತು, ಅಂಚು ನಡುಗಿದಂತಿತ್ತು. ಕಾಕಾ ಅವರನ್ನು ಕೇಳಿದರೆ ಬಂದ ಉತ್ತರ: "ಅಲ್ಲಿ ಮಿಷನ್ನ ಇಂಗ್ಲಿಷಿನ್ಯಾಗ ಮಾತಾಡ್ತಿತ್ತು. ನನಗ ಏನ ತಿಳೀಬೇಕು ತಮ್ಮಾ? ಅದರ ಪಾಡಿಗೆ ಅದು ಮಾತಾಡ್ತು, ನನ್ನ ಪಾಡಿಗೆ ನಾ ಉಸರಾಡಿದ್ನಿ." ಕನ್ನಡ ನಾಡಿನೊಳಗೆ ಕನ್ನಡದ ರೈತನಿಗೆ ಉಸಿರು ಹಿಡಿ ಎಂಬ ಎರಡು ಶಬ್ದವನ್ನು ಕನ್ನಡದಲ್ಲಿ ಹೇಳುವವರು ಇರಲಿಲ್ಲ! ಇದರ ಮೇಲೆ ಬೇರೊಂದು ಭಾಷಣವನ್ನೇ ಮಾಡಬಹುದು, ಇಂದು ಬಿಡುತ್ತೇವೆ.

ಡಾಕ್ಟರರು ಯಂತ್ರಕ್ಕೆ ಎರಡನ್ನೂ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಹಳೆಯದು ಹಸುರು ಛಾಯೆಯಲ್ಲೂ ಹೊಸದು ಕೆಂಪು ಛಾಯೆಯಲ್ಲೂ ಒಂದರ ಮೇಲೊಂದು ಬಂದವು. ನಾಳದ ಮೇಲೆ ನಾಳ ಕೂಡಿತ್ತು. ಚುಕ್ಕೆಯ ಮೇಲೆ ಚುಕ್ಕೆ ಕೂಡಿತ್ತು. ಏಳರದ್ದೂ ಎಂಟರದ್ದೂ ಒಂದೇ ಚುಕ್ಕೆ. ಬದುವಿನ ಪಕ್ಕದಲ್ಲೇ ಕುಳಿತು ಉಸಿರಿನೊಡನೆ ಅತ್ತಿತ್ತ ತೋರಿತ್ತು. ಎರಡಿಲ್ಲ, ಒಂದೇ ಎಂದು ನಮ್ಮ ಎದೆ ಹಗುರಾಯಿತು. ಮತ್ತೂ ನೋಡಿದೆವು: ಹಸುರು ಚುಕ್ಕೆ, ಕೆಂಪು ಚುಕ್ಕೆ ಎರಡೂ ಒಂದೇ ಅಳತೆ, ಅಂಚಿಗೆ ಅಂಚು. "ಬೆಳೆದೇ ಇಲ್ಲ ಕಾಕಾ!" ಎಂದುಬಿಟ್ಟೆವು.

ಡಾಕ್ಟರರು ನಮ್ಮನ್ನು ನೋಡಿ ಒಂದು ಮಾತು ಕೇಳಿದರು. "ನೀವು ಲೆಕ್ಕ ಬರೆಯುವವರು. ಜಮಾ ಖರ್ಚು ತಾಳೆಯಾಗದಿದ್ದಾಗ ಅಂಕಿ ತಿದ್ದಿ ತಾಳೆ ಮಾಡುವ ಗುಮಾಸ್ತನನ್ನು ಕಂಡಿದ್ದೀರಾ?"

ಕಂಡಿದ್ದೇವೆ. ಒಂದು ಕಾಲದಲ್ಲಿ ನಮ್ಮ ಪಕ್ಕದ ಮೇಜಿನಲ್ಲೇ ಅಂಥವನಿದ್ದನು. ಅವನ ಖಾತೆಗಳಷ್ಟು ಚೊಕ್ಕ ಖಾತೆಗಳು ಯಾರವೂ ಇರಲಿಲ್ಲ.

ಈ ಯಂತ್ರವೂ ಹಾಗೆಯೇ ಎಂದರು ಡಾಕ್ಟರರು. ಎರಡು ಚಿತ್ರಗಳನ್ನು ಹೇಗಾದರೂ ಕೂಡಿಸು ಎಂದು ಅದಕ್ಕೆ ಆಜ್ಞೆ. ಗಂಟು ಬೆಳೆದಿದ್ದರೆ ಆ ಬೆಳವಣಿಗೆಯೂ ಅದರ ಲೆಕ್ಕದಲ್ಲಿ ಒಂದು ತಾಳೆಯಾಗದ ಬಾಕಿ. ಬಲೆ ಸಡಿಲಾಗಿದ್ದರೆ ಹಳೆಯ ಚುಕ್ಕೆಯನ್ನು ಹಿಗ್ಗಿಸಿ ಹೊಸದಕ್ಕೆ ಸಮ ಮಾಡಿಬಿಡುತ್ತದೆ. ಉಸಿರಿನಿಂದಾದ ಬದಲಾವಣೆ ಯಾವುದು, ರೋಗದಿಂದಾದದ್ದು ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಮೊದಲನೆಯದನ್ನು ಅಳಿಸಬೇಕು, ಎರಡನೆಯದನ್ನು ಉಳಿಸಬೇಕು. ಇದೇ ಈ ವಿದ್ಯೆಯ ಕಗ್ಗಂಟು.

ಇದಕ್ಕೆ ಮದ್ದನ್ನೂ ಹುಡುಕಿದ್ದಾರೆ. ಬಲೆಯನ್ನು ಅತಿಯಾಗಿ ಬಗ್ಗಿಸಿದರೆ ಯಂತ್ರಕ್ಕೆ ದಂಡ ಹಾಕುವುದು ಒಂದು. ಎಲ್ಲಿಯೂ ಗಾತ್ರ ಹೆಚ್ಚು ಕಡಿಮೆ ಆಗಕೂಡದೆಂದು ಕಟ್ಟು ಹಾಕುವುದು ಇನ್ನೊಂದು. ಸ್ತನದ ಚಿತ್ರಗಳಿಗಾಗಿ ಇಂಥ ಕಟ್ಟಿನ ಲೆಕ್ಕವನ್ನು ಟಾರ್‌ಸ್ಟನ್ ರೋಲ್ಫಿಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ನಮಗೆ ಸೊಗಸೆನಿಸಿದ್ದು ಮೂರನೆಯದು. ಬಲೆಯನ್ನು ಎಲ್ಲಿ ಎಷ್ಟು ಹಿಗ್ಗಿಸಿದೆ ಎಂದು ಯಂತ್ರವೇ ಪ್ರತಿಯೊಂದು ಮನೆಗೂ ಬರೆದಿಡಬಲ್ಲದು. ಆ ಪಟ್ಟಿಯಲ್ಲಿ ಒಂದು ಸಣ್ಣ ಜಾಗ ಮಾತ್ರ ನೆರೆಯವಕ್ಕಿಂತ ಬಹಳ ಹಿಗ್ಗಿದೆಯೆಂದಾದರೆ ಅಲ್ಲೇ ಗಂಟು ಬೆಳೆದಿದೆ. ತಿದ್ದಿದ ಅಂಕಿಯನ್ನು ಪಕ್ಕದಲ್ಲಿ ಸಹಿ ಹಾಕಿ ಬರೆದಿಡುವ ಗುಮಾಸ್ತನಿಂದ ಲೆಕ್ಕ ತನಿಖೆಯವರಿಗೆ ತೊಂದರೆಯಿಲ್ಲ.

ನಮ್ಮ ಡಾಕ್ಟರರು ಇಷ್ಟು ದೂರ ಹೋಗಲಿಲ್ಲ. ಬಾಗಿಸುವುದನ್ನು ನಿಲ್ಲಿಸಿ, ಪಕ್ಕೆಲುಬುಗಳನ್ನು ಬಿಟ್ಟು ಲಿವರನ್ನಷ್ಟೇ ಗುರುತು ಮಾಡಿ, ಇಡಿಯಾಗಿ ಸರಿಸಿ ತಿರುಗಿಸಿ ಕೂಡಿಸಿದರು. ಪಕ್ಕೆಲುಬು ಬಿಡುವುದೇಕೆಂದರೆ, ಲಿವರು ಪಕ್ಕೆಯ ಒಳಮೈಗೆ ಅಂಟಿರದೆ ಜಾರುತ್ತದೆ. ಎರಡನ್ನೂ ಒಂದೇ ಬಲೆಯಲ್ಲಿ ಎಳೆದರೆ ಒಂದು ಕೂಡಿದಾಗ ಇನ್ನೊಂದು ಕೆಡುತ್ತದೆ. ಹೀಗೆ ಒಂದೇ ಚುಕ್ಕೆಯೆಂದು ಖಚಿತ ಮಾಡಿಕೊಂಡ ಮೇಲೆ ಅಳತೆಯನ್ನು ತಿದ್ದದ ಮೂಲ ಚಿತ್ರಗಳಲ್ಲೇ ತೆಗೆದರು. ಅಲ್ಲಿ 11, ಇಲ್ಲಿ 18. ಐದು ತಿಂಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು.

ಅಂಚಿಗೆ ಅಂಚು ಕೂಡಿದ ಆ ಚಿತ್ರವನ್ನು ನಂಬಿ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ರಾತ್ರಿ ಯೋಚನೆ ಬರುತ್ತದೆ.

ಏಕೆಂದರೆ ಅಮೆರಿಕದ ರೇಡಿಯಾಲಜಿ ಕಾಲೇಜಿನವರು ಮಾಡಿರುವ ಒಂದು ನಿಯಮವುಂಟು. 2018ರ ಅದರ ಆವೃತ್ತಿಯನ್ನು ಡಾಕ್ಟರರು ತೋರಿಸಿದರು. ಹೆಪಟೈಟಿಸ್ ಬಿ ಬಹುಕಾಲದಿಂದ ಇರುವ ದೊಡ್ಡವರಲ್ಲಿ, ಒಂದರಿಂದ ಎರಡು ಸೆಂಟಿಮೀಟರಿನೊಳಗಿನ ಗಂಟು ಅಪಧಮನಿಯ ವೇಳೆಯ ಚಿತ್ರದಲ್ಲಿ ಹೊಳೆಯುತ್ತಿದ್ದು, ಆರು ತಿಂಗಳೊಳಗೆ ಅರ್ಧಪಾಲಿಗೆ ಕಡಿಮೆಯಿಲ್ಲದಂತೆ ಬೆಳೆದಿದ್ದರೆ, ಸೂಜಿ ಹಾಕಿ ತುಣುಕು ತೆಗೆಯದೆಯೇ ಅದನ್ನು ಲಿವರಿನ ಕ್ಯಾನ್ಸರೆಂದು ಎಣಿಸಬಹುದು. ಕಾಕಾ ಅವರ ಗಂಟು ಹೊಳೆಯುತ್ತಿತ್ತು. ಆಮೇಲೆ ಮಂಕಾಗುವ ಗುರುತು ಮಾತ್ರ ಸ್ಪಷ್ಟವಿರಲಿಲ್ಲ. ಬೆಳೆದದ್ದೇ ತೀರ್ಪು ಕೊಟ್ಟಿತು. ಹಳೆಯ ಚಿತ್ರ ಸಿಗದಿದ್ದರೆ ಅದು ಬೆಳೆದದ್ದೋ ಹೊಸತೋ ಹೇಳಲಾಗದೆ, ಇನ್ನೂ ಕೆಲವು ತಿಂಗಳು ಕಾದು ನೋಡಬೇಕಾಗುತ್ತಿತ್ತೋ ಏನೋ.

ಗಂಟು ಎರಡು ಸೆಂಟಿಮೀಟರಿಗೆ ಒಳಗಿದ್ದುದರಿಂದ ಹೊಟ್ಟೆ ಕೊಯ್ಯದೆ, ಉದ್ದ ಸೂಜಿಯನ್ನು ಗಂಟಿನೊಳಗೆ ತೂರಿಸಿ ಕಾವು ಕೊಟ್ಟು ಸುಟ್ಟರು. ಸ್ವಲ್ಪ ದಿನಕ್ಕೇ ಕಾಕಾ ರೊಟ್ಟಿ ಬಡಿಯಲು ಕುಳಿತರು. ಒಂದು ತಿಂಗಳಾದ ಮೇಲೆ ಮತ್ತೆ ಸಿ.ಟಿ., ಮತ್ತೆ ತಾಳೆ. ಈ ಸಲದ ತಾಳೆ ಇನ್ನೂ ಕಠಿಣ. ಸುಟ್ಟ ಜಾಗದಲ್ಲಿ ಗಂಟು ಕಾಣುವುದಿಲ್ಲ, ಒಂದು ಕಪ್ಪು ಗುಳಿ ಕಾಣುತ್ತದೆ. ಗಂಟು ಇದ್ದದ್ದು ಹಳೆಯ ಚಿತ್ರದಲ್ಲಿ, ಗುಳಿ ಇರುವುದು ಹೊಸದರಲ್ಲಿ; ಒಂದನ್ನು ಇನ್ನೊಂದರೊಳಗೆ ಇಟ್ಟು ಸುತ್ತಲೂ ಎಷ್ಟು ಅಂಚು ಹೆಚ್ಚಾಗಿ ಸುಟ್ಟಿದೆಯೆಂದು ಅಳೆಯಬೇಕು. ಐದು ಮಿಲಿಮೀಟರು ಸುತ್ತಲೂ ಇದ್ದರೆ ಒಳ್ಳೆಯದೆಂದು ಡಾಕ್ಟರರ ಎಣಿಕೆ. ತಾಳೆಯಲ್ಲೇ ಮೂರು ಮಿಲಿಮೀಟರು ತಪ್ಪಿದರೆ ಆ ಐದಕ್ಕೆ ಏನು ಬೆಲೆ? ಆದ್ದರಿಂದ ಯಂತ್ರ ಕೂಡಿಸಿದ್ದನ್ನು ಡಾಕ್ಟರರು ನಾಳದ ಕವಲು ಕವಲಿಗೆ ಬೆರಳಿಟ್ಟು ತಾವೇ ನೋಡಿದರು. ಮೂರು ಕಡೆ ಚೆನ್ನಾಗಿತ್ತು. ಆ ಬದುವಿನ ನಾಳದ ಕಡೆ ಅಂಚು ತೆಳುವಾಗಿತ್ತು. ಹರಿಯುವ ರಕ್ತವು ಕಾವನ್ನು ಕೊಂಡೊಯ್ಯುತ್ತದಂತೆ, ಹೊಳೆಯ ದಡದ ಮಣ್ಣು ಬೇಗ ಒಣಗದ ಹಾಗೆ. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕೆಂದರು. ಆಮೇಲೆ ಎರಡು ಸಲ ನೋಡಿದ್ದಾಯಿತು, ಅಲ್ಲಿ ಹೊಸದೇನೂ ಹೊಳೆದಿಲ್ಲ.

ನಮ್ಮಲ್ಲಿ ಅನೇಕರು ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಊರಲ್ಲಿ ಔಷಧ ಮಾಡಿಸುವವರು. ಕೋಣೆ ಬದಲಾಯಿಸುತ್ತೇವೆ, ಗಿರಣಿ ಬದಲಾಯಿಸುತ್ತೇವೆ, ಕಾಗದ ಪತ್ರ ಟ್ರಂಕಿನಲ್ಲಿ ಎಲ್ಲೋ ಉಳಿಯುತ್ತವೆ. ಒಂದೇ ಊರಿನಲ್ಲಿ ಒಂದೇ ಆಸ್ಪತ್ರೆಗೆ ಹೋಗುವವರ ಹಳೆಯ ಚಿತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತದೆ; ನಮ್ಮದನ್ನು ನಾವೇ ಹೊತ್ತು ತಿರುಗಬೇಕು. ಚಿತ್ರ ತೆಗೆಸಿದ ದಿನವೇ ಸಿ.ಡಿ. ಕೇಳಿ ತೆಗೆದುಕೊಳ್ಳಿರಿ, ತೆಳು ಬಿಲ್ಲೆಗಳೆಲ್ಲ ಅದರಲ್ಲಿರಲಿ ಎಂದು ಹೇಳಿರಿ. ಯಂತ್ರದ ಮಾತು ತಿಳಿಯದಿದ್ದರೆ ಮಲಗುವ ಮೊದಲೇ ಕೇಳಿ ತಿಳಿದುಕೊಳ್ಳಿರಿ: ಯಾವಾಗ ಉಸಿರು ಎಳೆಯಬೇಕು, ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು. ಹೋದ ಸಲ ಹಿಡಿದಷ್ಟೇ ಈ ಸಲವೂ ಹಿಡಿಯಲು ನೋಡಿರಿ. ಇನ್ನು ಸೋಂಕಿನ ರಕ್ತಪರೀಕ್ಷೆಯ ಮಾತು. 2018ರ ಜುಲೈ 28ರಂದು ಕೇಂದ್ರ ಸರಕಾರ ಆರಂಭಿಸಿದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಕೂಟ ಮುಗಿದ ಮೇಲೆ ಹೆಸರು ಕೊಟ್ಟವರನ್ನು ಬರುವ ಶನಿವಾರ ಒಟ್ಟಾಗಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಬಾಗಿಲ ಬಳಿಯ ಮೇಜಿನ ಮೇಲೆ ಪಟ್ಟಿ ಇಟ್ಟಿದ್ದೇವೆ. ಪೆನ್ನನ್ನು ಮಾತ್ರ ಹಿಂದಕ್ಕೆ ಇಟ್ಟುಹೋಗಬೇಕಾಗಿ ವಿನಂತಿ.

ಕಾಕಾ ಅವರ ಮುಂದಿನ ಚಿತ್ರ ಬರುವ ತಿಂಗಳು. ಅವರ ಬಳಿ ಈಗ ನಾಲ್ಕು ಸಿ.ಡಿ.ಗಳಿವೆ. ನಾಲ್ಕನ್ನೂ ಹಳೆಯ ಪಂಜೆಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯೊಳಗೆ ಹಾಕಿ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಊರಿಂದ ಅಳಿಯ ಬಂದ ದಿನ ಡಬ್ಬಿಗೆ ಬೀಗವನ್ನೂ ಹಾಕುತ್ತಾರೆ.